ಕೈಚಳಕವೂ ಕೈಶುದ್ಧಿಯೂ

(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮೂವರು ಸಹಪಾಠಿಗಳ ಪರವಾಗಿ ಮಾಡಿದ ಭಾಷಣ)



ಶತಮಾನ ಕಂಡ ಶಾಲೆಯ ವೇದಿಕೆಯಲ್ಲಿ ನಿಂತು ಇಸ್ಪೀಟಿನ ವಿಷಯವನ್ನು ಎತ್ತುವುದು ಉಚಿತವೇ ಎಂಬ ಅಳುಕು ನಮಗಿದೆ. ಇಸ್ಪೀಟಿನಿಂದ ಮನೆಮಠ ಕಳೆದುಕೊಂಡವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೂ ಈ ಶಾಲೆಯಲ್ಲಿ ನಾವು ಪಡೆದ ಒಂದು ಪಾಠವು ಐವತ್ತೆರಡು ಎಲೆಗಳ ಆ ಕಟ್ಟಿನ ಮೂಲಕವೇ ಬಂದುದರಿಂದ, ಅದನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇವೆ.

ನಾವು ಎಂಟನೆಯ ತರಗತಿಯಲ್ಲಿದ್ದಾಗ ಜಾದೂಗಾರರೊಬ್ಬರು ಶಾಲೆಗೆ ಬಂದರು. ನಮ್ಮಲ್ಲೊಬ್ಬನು ಆರಿಸಿದ ಆಟೀನ್ ರಾಣಿಯನ್ನು ಕಟ್ಟಿನ ನಡುವೆ ಸೇರಿಸಿದರು; ಮರುಕ್ಷಣವೇ ಅದು ಎಲ್ಲಕ್ಕಿಂತ ಮೇಲಿನ ಎಲೆಯಾಗಿತ್ತು. ಅದರ ಮರ್ಮ ನಮಗೆ ತಿಳಿದದ್ದು ಬಹಳ ದಿನಗಳ ಬಳಿಕ, ಹಳೆಯದೊಂದು ಕೈಪಿಡಿಯಿಂದ. ಈ ಚಳಕಕ್ಕೆ ‘ಪಾಸ್’ ಎಂದು ಹೆಸರು. ಆರಿಸಿದ ಎಲೆಯ ಮೇಲುಗಡೆ ಎಡಗೈಯ ಕಿರುಬೆರಳ ತುದಿಯನ್ನು ತೂರಿಸಿ ಕಟ್ಟನ್ನು ಎರಡು ಭಾಗವಾಗಿ ಗುರುತಿಟ್ಟುಕೊಳ್ಳಬೇಕು. ಬಲಗೈ ಮೇಲೆ ಬಂದು ಮರೆಮಾಡುತ್ತ ಕೆಳಭಾಗವನ್ನು ಅದರ ಎರಡು ತುದಿಗಳಲ್ಲಿ ಹಿಡಿಯುತ್ತದೆ. ಎಡಗೈಯ ಬೆರಳುಗಳು ಮೇಲ್ಭಾಗವನ್ನು ಪಕ್ಕಕ್ಕೆ ಸೆಳೆದು ಅಡಿಗೆ ತರುತ್ತವೆ. ಕೆಳಗಿದ್ದದ್ದು ಮೇಲಾಗುತ್ತದೆ. ಹೇಳುವುದಕ್ಕೆ ನಾಲ್ಕು ವಾಕ್ಯ. ಕಲಿಯುವುದಕ್ಕೆ ನಮಗೆ ಹಿಡಿದದ್ದು ಎರಡು ವರ್ಷ.

ಆಷಾಢದ ಮಳೆಯಲ್ಲಿ ಎಲೆಗಳು ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಮಾಗಿಯ ಮುಂಜಾನೆ ಬೆರಳುಗಳು ಮರಗಟ್ಟುತ್ತಿದ್ದವು. ಮೊದಮೊದಲು ವೇಗವೇ ಸಾಧನೆಯೆಂದು ಭ್ರಮಿಸಿದೆವು. ವೇಗ ಹೆಚ್ಚಿದಷ್ಟೂ ಎಲೆಗಳ ಸದ್ದು ಹೆಚ್ಚಿತು, ಮಣಿಕಟ್ಟು ಬೆದರಿದಂತೆ ಕುಪ್ಪಳಿಸಿತು. ಆಮೇಲೆ ಬೆರಳು ಬೆರಳನ್ನೂ ಗಮನಿಸುತ್ತ, ನಿಧಾನವಾಗಿ, ವಿದ್ಯಾರ್ಥಿನಿಲಯದ ಕನ್ನಡಿಯ ಮುಂದೆ ಕುಳಿತೆವು. ಕನ್ನಡಿಯಲ್ಲಿ ಒಮ್ಮೆ ಏನೂ ಕಾಣಲಿಲ್ಲವೆಂದು ಹಿಗ್ಗಿದೆವು. ಗೆಳೆಯನೊಬ್ಬನು ಪಕ್ಕದಲ್ಲಿ ನಿಂತು ನೋಡಿದಾಗ ನಿಜ ಹೊರಬಿತ್ತು: ಚಳಕ ನಡೆಯುವ ಕ್ಷಣಕ್ಕೆ ಸರಿಯಾಗಿ ನಾವೇ ಕಣ್ಣು ಮಿಟುಕಿಸುತ್ತಿದ್ದೆವು! ಅಂದಿನಿಂದ ಒಬ್ಬನು ಮಾಡುವುದು, ಇಬ್ಬರು ದಾಕ್ಷಿಣ್ಯವಿಲ್ಲದೆ ತಪ್ಪು ಹೇಳುವುದು ನಮ್ಮ ಕ್ರಮವಾಯಿತು.

ಇನ್ನು ನಮ್ಮ ತಪ್ಪಿನ ಮಾತು. ಎದುರಾಳಿ ಕಟ್ ಮಾಡಿದ ಎಲೆಗಳನ್ನು ಕದ್ದು ಮೊದಲಿನಂತೆಯೇ ಜೋಡಿಸುವುದಕ್ಕೂ ಇದೇ ಚಳಕ ಸಾಕು. ಹತ್ತನೆಯ ತರಗತಿಯಲ್ಲಿ ನಾವು ಅದನ್ನೇ ಮಾಡಿ, ಮಸಿನಗುಡಿಯ ಕಿರಿಯ ಹುಡುಗನೊಬ್ಬನಿಂದ ಹಣ ಗೆದ್ದೆವು. ಅದು ಅವನ ಬಸ್ಸಿನ ಹಣವೆಂದು ನಮಗೆ ತಿಳಿದದ್ದು ಶನಿವಾರ ಸಂಜೆ, ಊರಿಗೆ ಹೋಗದೆ ಅವನು ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದಾಗ. ಆಗಲೂ ನಾವು ಬಾಯಿ ಬಿಡಲಿಲ್ಲ.

ಸೋಮವಾರ ನಮ್ಮ ಗುರುಗಳಿಗೆ ವಿಷಯ ತಿಳಿಯಿತು. ಬೆತ್ತವನ್ನು ನಿರೀಕ್ಷಿಸಿ ನಿಂತಿದ್ದೆವು. ಅವರು, “ಎಲ್ಲಿ, ಮಾಡಿ ತೋರಿಸಿರಪ್ಪ” ಎಂದರು. ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹಣ ಹಿಂದಿರುಗಿಸಿ. ಬಳಿಕ ಅದೇ ಹುಡುಗನ ಮುಂದೆ, ‘ಈಗ ನಿನ್ನ ಕಣ್ಣು ಕಟ್ಟುತ್ತೇವೆ’ ಎಂದು ಮೊದಲೇ ಹೇಳಿ ಇದನ್ನು ಮಾಡಿ. ಆಗಲೂ ಅವನು ಬೆರಗಾದರೆ ಅದು ವಿದ್ಯೆ. ನಿಮ್ಮನ್ನು ನಂಬಿ ಕುಳಿತವನನ್ನು ಗೆಲ್ಲಲು ವಿದ್ಯೆ ಏತಕ್ಕೆ?”

ಹಣ ಕೊಟ್ಟೆವು, ಕ್ಷಮೆ ಕೇಳಿದೆವು. ಆದರೆ ಎಚ್ಚರಗೊಂಡ ಆ ಹುಡುಗನ ಕಣ್ಣು ನಮ್ಮ ಬೆರಳುಗಳನ್ನು ಬಿಡಲಿಲ್ಲ. ಮೂರು ಸಲ ಮಾಡಿದೆವು, ಮೂರು ಸಲವೂ ಹಿಡಿದುಬಿಟ್ಟನು. ನಾವು ಕಲಿತದ್ದು ಅರೆಬರೆಯೆಂಬುದು ಅಂದು ಅರಿವಾಯಿತು. ಮತ್ತೆ ತಿಂಗಳುಗಟ್ಟಲೆ ಅಭ್ಯಾಸ. ಕೈಯನ್ನು ಬಚ್ಚಿಡುವುದಕ್ಕಿಂತ, ನೋಡುವವನೊಡನೆ ಮುಖವೆತ್ತಿ ಮಾತನಾಡುವುದು ಮುಖ್ಯವೆಂದು ತಿಳಿಯಿತು. ನಾವು ಎತ್ತ ನೋಡುವೆವೋ ಅವನೂ ಅತ್ತ ನೋಡುತ್ತಾನೆ. ವಾರ್ಷಿಕೋತ್ಸವದ ದಿನ, ಎಲ್ಲರೆದುರಿಗೆ, ಅವನು ನಡುವೆ ಸೇರಿಸಿದ ಎಲೆ ಮೇಲೆ ಬಂದಿತು. ಅವನು ನಕ್ಕನು. ಅಂದು ಆದ ಸಂತೋಷ ಪರೀಕ್ಷೆಯ ಫಲಿತಾಂಶದ ದಿನವೂ ಆಗಲಿಲ್ಲ.

ಮುಂದೆ ಓದುತ್ತ ಹೋದಂತೆ ನಮ್ಮ ಗುರುಗಳ ಮಾತಿನ ಆಳ ತಿಳಿಯಿತು. ಎಸ್. ಡಬ್ಲ್ಯೂ. ಅರ್ಡ್‌ನೇಸ್ ಎಂಬ ಹೆಸರಿನಲ್ಲಿ 1902ರಲ್ಲಿ ಷಿಕಾಗೋದಲ್ಲಿ ಪ್ರಕಟವಾದ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಈ ವಿದ್ಯೆಯ ಪ್ರಸಿದ್ಧ ಗ್ರಂಥ. ಅದರಲ್ಲಿ ಜೂಜುಗಾರನ ಮೋಸಕ್ಕೆ ಒಂದು ಭಾಗ, ಜಾದೂಗಾರನ ಕಲೆಗೆ ಇನ್ನೊಂದು ಭಾಗ. ಬೆರಳುಗಳು ಮಾತ್ರ ಅವೇ. ಅರ್ಜೆಂಟೀನಾದ ರೆನೆ ಲಾವಾಂದ್ (1928–2015) ಬಾಲ್ಯದಲ್ಲೇ ಬಲಗೈ ಕಳೆದುಕೊಂಡು, ಎಡಗೈಯೊಂದರಿಂದಲೇ, ಅದೂ ಬೇಕೆಂದೇ ನಿಧಾನವಾಗಿ ಮಾಡಿ ಲೋಕವನ್ನು ಬೆರಗುಗೊಳಿಸಿದರು. ಅಷ್ಟು ದೂರವೇಕೆ? ನಮ್ಮ ಗೂಡಲೂರಿನಿಂದ ನಾಡುಕಾಣಿ ಘಾಟಿ ಇಳಿದರೆ ಸಿಗುವ ನಿಲಂಬೂರಿನ ಸೀಮೆಯಿಂದಲೇ ಗೋಪಿನಾಥ ಮುತುಕಾಡರಂತಹ ಖ್ಯಾತ ಜಾದೂಗಾರರು ಬಂದರು.

ನಾವು ಮೂವರೂ ಜಾದೂಗಾರರಾಗಲಿಲ್ಲ. ಉದ್ಯೋಗ, ಸಂಸಾರಗಳ ದಾರಿ ಹಿಡಿದೆವು. ಆದರೆ ಲೆಕ್ಕಪತ್ರಕ್ಕೆ ಸಹಿ ಹಾಕುವಾಗ, ನಮ್ಮನ್ನು ನಂಬಿದವರೊಡನೆ ವ್ಯವಹರಿಸುವಾಗ, ಗುರುಗಳ ಆ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿದೆ. ಪೋಷಕರಲ್ಲಿ ಒಂದು ವಿನಂತಿ: ಮಕ್ಕಳು ಒಂದೇ ಕೆಲಸವನ್ನು ನೂರು ಸಲ ಮಾಡುತ್ತ ಕುಳಿತರೆ ವ್ಯರ್ಥವೆಂದು ಗದರಬೇಡಿ, ಅದನ್ನು ಯಾರ ಮುಂದೆ, ಏತಕ್ಕಾಗಿ ಮಾಡುವೆ ಎಂದಷ್ಟೇ ಕೇಳಿ. ಅಧ್ಯಾಪಕ ಬಂಧುಗಳು ಇದೊಂದನ್ನು ನೆನಪಿಡಬೇಕು: ಅಂದು ಗುರುಗಳು ನಮ್ಮ ಕಟ್ಟನ್ನು ಕಿತ್ತುಕೊಳ್ಳಲಿಲ್ಲ, ನಮ್ಮ ಕೈಗೇ ಹಿಂದಿರುಗಿಸಿದರು.

ಗುರುಗಳು ಇಂದು ನಮ್ಮೊಂದಿಗಿಲ್ಲ. ಮಸಿನಗುಡಿಯ ಆ ಕಿರಿಯ ಮಿತ್ರರು ಮಾತ್ರ ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳಬಾರದೆಂದು ಅಪ್ಪಣೆಯಾಗಿದೆ. ಭೋಜನಾನಂತರ ಮತ್ತೊಮ್ಮೆ ನಮ್ಮ ಬೆರಳುಗಳನ್ನು ಪರೀಕ್ಷಿಸುವುದಾಗಿ ಹೇಳಿದ್ದಾರೆ, ಸಿದ್ಧರಾಗಿ ಬಂದಿದ್ದೇವೆ.