ಮನೆಗಿಷ್ಟು, ತಲೆಗಿಷ್ಟು
(ಲಾಸಲಗಾಂವ್‌ನಲ್ಲಿ ನಡೆದ ಸಂಘದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಲೇಖನರೂಪ)



ಈ ವರ್ಷದ ವಿಹಾರಕ್ಕೆ ಎಲ್ಲಿಗೆ ಹೋಗಬೇಕೆಂಬ ಚರ್ಚೆಗೆ ಪೀಠಿಕೆಯಾಗಿ ಕೆಲವು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಸೂಚಿಸಿದ್ದಾರೆ. ವಿಷಯ ಹಗುರವೆಂದು ತೋರಬಹುದು. ಗಡಿ, ಭಾಷೆ, ನಮ್ಮ ಮಕ್ಕಳ ಕನ್ನಡ ಕಲಿಕೆ ಇವುಗಳನ್ನು ಚರ್ಚಿಸಿ ರೂಢಿಯಾದ ಈ ವೇದಿಕೆಗೆ ಮನರಂಜನಾ ಉದ್ಯಾನದ ಟಿಕೆಟಿನ ದರ ಯಾವ ಘನವಾದ ವಿಷಯವೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಕಳೆದ ವರ್ಷ ಆ ಟಿಕೆಟು ನಮ್ಮ ನಡುವೆ ಏನು ಮಾಡಿತೆಂಬುದನ್ನು ಕಂಡವನಾಗಿ ನಾನು ಸುಮ್ಮನಿರಲಾರೆ.

ಕಳೆದ ಬೇಸಿಗೆಯಲ್ಲಿ ನಾವೆಲ್ಲ ಒಂದು ಜಲೋದ್ಯಾನಕ್ಕೆ ಹೋಗಿದ್ದೆವು. ಹೊರಡುವ ಹಿಂದಿನ ದಿನ ನಮ್ಮ ಸದಸ್ಯರೊಬ್ಬರು, ಹೋಟೆಲಿನಲ್ಲಿ ದುಡಿಯುವವರು, "ತಾಯಿಗೆ ಮೈ ಸರಿಯಿಲ್ಲ, ನಾವು ಬರುವುದಿಲ್ಲ" ಎಂದು ತಿಳಿಸಿದರು. ಎರಡು ದಿನಗಳ ನಂತರ ನಾನು ಆ ತಾಯಿಯನ್ನು ವಿಚಾರಿಸಲು ಹೋದೆ. ಅವರು ಹೊಸ್ತಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು: "ನಾನೇನು ನೀರಿಗೆ ಇಳಿಯುವವಳೇನಪ್ಪ? ಕಲ್ಲುಬೆಂಚಿನ ಮೇಲೆ ಕೂರುವುದಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು? ನೀವು ಹೋಗಿ ಬನ್ನಿ ಅಂದೆ. ನನ್ನನ್ನು ಬಿಟ್ಟು ಹೋಗಲು ಮಗ ಒಪ್ಪಲಿಲ್ಲ." ಸಂಘದ ಮುಂದೆ ಬಡತನ ಹೇಳಿಕೊಳ್ಳಲಾರದೆ ಮಗ ತಾಯಿಯ ಮೇಲೆ ಕಾಯಿಲೆ ಹೊರಿಸಿದ್ದರು. ಅಂದಿನಿಂದ ಆ ಅಜ್ಜಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬೆಲೆಯ ಮಾತನ್ನು ಆಡಲು ಲಾಸಲಗಾಂವ್‌ಗಿಂತ ತಕ್ಕ ಊರಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈರುಳ್ಳಿ ಪೇಟೆ ಇಲ್ಲಿದೆ. ನಮ್ಮಲ್ಲಿ ಬೆಂಗಳೂರು ಕಡೆಯವರು ಈರುಳ್ಳಿ ಎನ್ನುತ್ತೇವೆ, ಧಾರವಾಡ ಕಡೆಯವರು ಉಳ್ಳಾಗಡ್ಡಿ ಎನ್ನುತ್ತಾರೆ. ಹರಾಜಿನಲ್ಲಿ ಮಾತ್ರ ಎಲ್ಲವೂ ಕಾಂದಾ. ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ, ವರ್ತಕರು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾರೆ, ಕ್ವಿಂಟಲಿಗೆ ಇಷ್ಟೆಂದು ಎಲ್ಲರಿಗೂ ಕೇಳುವಂತೆ ಬೆಲೆ ಕೂಗುತ್ತಾರೆ. ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಮೂರು ದರಗಳು ಪ್ರಕಟವಾಗುತ್ತವೆ. ಬೆಳೆದವನಿಗೆ ತನ್ನ ಬೆಲೆಯನ್ನು ತಾನೇ ಹೇಳುವ ಅಧಿಕಾರವಿಲ್ಲ. 2018ರ ಕೊನೆಯಲ್ಲಿ ಇದೇ ನಿಫಾಡ್ ತಾಲೂಕಿನ ರೈತರೊಬ್ಬರು 750 ಕಿಲೋ ಈರುಳ್ಳಿ ಮಾರಿ ಕೈಗೆ ಬಂದ 1,064 ರೂಪಾಯಿಗಳನ್ನು ಪ್ರತಿಭಟನೆಯಾಗಿ ಪ್ರಧಾನಮಂತ್ರಿಗಳಿಗೆ ಮನಿಯಾರ್ಡರ್ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ದೊಡ್ಡ ಉದ್ಯಾನಗಳಲ್ಲಿ ಇಂದು ವಯಸ್ಕರೊಬ್ಬರ ಟಿಕೆಟಿಗೆ ಸಾವಿರ ರೂಪಾಯಿ ಮೀರಿದೆ. ಒಂದು ಕುಟುಂಬ ತಿಂಗಳುಗಟ್ಟಲೆ ಬೆವರು ಸುರಿಸಿ ಬೆಳೆದದ್ದು ಒಬ್ಬರ ಒಂದು ದಿನದ ಜಾರುಬಂಡಿಗೆ ಸರಿಹೋಯಿತೆಂದಾಯಿತು.

ಹೀಗೆಂದು ಉದ್ಯಾನದವರನ್ನು ಸುಲಿಗೆಕೋರರೆಂದು ಹಳಿದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಬೃಹತ್ ಯಂತ್ರಗಳಿಗೆ ಬಂಡವಾಳ ಬೇಕು. ಜನ ಬಂದರೂ ಬಾರದಿದ್ದರೂ ವಿದ್ಯುತ್ತು, ನೀರಿನ ಶುದ್ಧೀಕರಣ, ಜೀವರಕ್ಷಕ ಸಿಬ್ಬಂದಿ, ಪ್ರತಿದಿನದ ತಪಾಸಣೆ ನಡೆಯಲೇಬೇಕು. ಮಳೆಗಾಲ ಮತ್ತು ಪರೀಕ್ಷೆಗಳ ಕಾಲದಲ್ಲಿ ಜನ ವಿರಳ. 2020ರ ಸಾಂಕ್ರಾಮಿಕದಲ್ಲಿ ಇವೆಲ್ಲ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದವು. ಸರಕಾರದ ಪಾಲೂ ಇದೆ: 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಈ ಉದ್ಯಾನಗಳ ಮೇಲಿನ ತೆರಿಗೆ ಶೇಕಡಾ 28 ಇತ್ತು, 2018ರ ಜನವರಿಯಲ್ಲಿ ಅದು 18ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ ತೆರಿಗೆ ಸೇರಿ 1,200 ರೂಪಾಯಿಯ ಟಿಕೆಟಿದ್ದರೆ ಅದರಲ್ಲಿ ಸುಮಾರು 183 ರೂಪಾಯಿ ತೆರಿಗೆಯೇ. ಅಜ್ಜಿಯ ಕಲ್ಲುಬೆಂಚಿನ ಮೇಲೂ ತೆರಿಗೆ!

ಹಾಗಾದರೆ ದೋಷವೆಲ್ಲಿದೆ? ದರ ಏರಿದ್ದಕ್ಕಿಂತ ಹೆಚ್ಚಾಗಿ ದರವನ್ನು ಕಟ್ಟುವ ರೀತಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಇತಿಹಾಸದ ಒಂದು ನಿದರ್ಶನ ಕೊಡುತ್ತೇನೆ. ಈ ಉದ್ಯಮಕ್ಕೆಲ್ಲ ಮಾದರಿಯಾದ ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗ ವಯಸ್ಕರ ಪ್ರವೇಶಕ್ಕೆ ಒಂದು ಡಾಲರ್ ಮಾತ್ರ ಇತ್ತು. ಸವಾರಿಗಳಿಗೆ ಬೇರೆ ಬೇರೆ ಟಿಕೆಟು. ಏರದವನು ಏರಿದವನ ಖರ್ಚನ್ನು ಹೊರಬೇಕಾಗಿರಲಿಲ್ಲ. 1982ರಲ್ಲಿ ಆ ಬಿಡಿ ಟಿಕೆಟುಗಳ ಪದ್ಧತಿಯನ್ನು ಕೈಬಿಟ್ಟು ಎಲ್ಲ ಸವಾರಿಗಳಿಗೂ ಒಂದೇ ಟಿಕೆಟು ಮಾಡಿದರು. 2024ರಲ್ಲಿ ಅಲ್ಲಿಯ ಅತ್ಯಂತ ದುಬಾರಿ ದಿನದ ದರ ಇನ್ನೂರು ಡಾಲರುಗಳನ್ನು ದಾಟಿತು. ನಮ್ಮಲ್ಲಿ ಗೋರಾಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂತು, ಬೆಂಗಳೂರು ಸಮೀಪದ ಬಿಡದಿಯ ವಂಡರ್‌ಲಾ 2005ರಲ್ಲಿ, ಖೋಪೋಲಿಯ ಇಮ್ಯಾಜಿಕಾ 2013ರಲ್ಲಿ. ದೊಡ್ಡ ಉದ್ಯಾನಗಳಲ್ಲಿ ಒಂದೇ ಟಿಕೆಟಿನ ಪದ್ಧತಿಯೇ ಇಂದು ರೂಢಿಯಾಗಿದೆ.

ಈ ಪದ್ಧತಿಯಿಂದ ಲಾಭ ಯಾರಿಗೆ? ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಸಂಜೆಯ ತನಕ ಒಂದೊಂದನ್ನೂ ಎರಡು ಸಲ ಏರುವ ಇಪ್ಪತ್ತರ ಹುಡುಗನಿಗೆ. ಅವನ ಲೆಕ್ಕದಲ್ಲಿ ಒಂದು ಸವಾರಿಗೆ ಐವತ್ತು ರೂಪಾಯಿಯೂ ಬೀಳುವುದಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದೇ ಟಿಕೆಟಿನಲ್ಲಿ ಎದೆನೋವಿನ ತಂದೆ, ಗರ್ಭಿಣಿ ಸೊಸೆ, ಮಂಡಿನೋವಿನ ಅಜ್ಜಿ ಎಷ್ಟನ್ನು ಏರಿಯಾರು? ಹಿರಿಯರಿಗೆ ರಿಯಾಯಿತಿ ಉಂಟೆನ್ನುತ್ತಾರೆ; ರಿಯಾಯಿತಿಯ ದರವೂ ದರವೇ. ಮಗುವಿನ ವಯಸ್ಸು ಕೇಳದೆ ಎತ್ತರ ಅಳೆದು ದರ ಹೇಳುವ ಕಡೆ, ಬೇಗ ಬೆಳೆದ ಮಗುವಿನ ತಾಯಿ ಹಿಗ್ಗುವ ಬದಲು ಪರ್ಸು ನೋಡಿಕೊಳ್ಳುತ್ತಾಳೆ. ಒಳಗೆ ಹೋದ ಮೇಲೆ ಲಾಕರಿಗೆ ಬೇರೆ, ಈಜುಡುಗೆಗೆ ಬೇರೆ. ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ ಗೇಟಿನಲ್ಲೇ ಉಳಿಯಿತು, ಆದ್ದರಿಂದ ಊಟಕ್ಕೂ ಬೇರೆ. ಒಳಗೆ ಎಲ್ಲರೂ ಸಮಾನರು ಎಂಬುದಾದರೂ ಒಂದೇ ಟಿಕೆಟಿನ ಗುಣವಾಗಿತ್ತು. ಈಗ ಹೆಚ್ಚು ದುಡ್ಡು ಕೊಟ್ಟವರಿಗೆ ಸಾಲು ತಪ್ಪಿಸುವ ಟಿಕೆಟು ಬಂದು ಆ ಗುಣವೂ ಹೋಯಿತು.

ನಮ್ಮ ನಾಡಿನ ಪದ್ಧತಿ ಬೇರೆ ಇತ್ತು, ಇಂದಿಗೂ ಇದೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ನೋಡಿದವರು ಇಲ್ಲಿ ಅನೇಕರಿದ್ದೀರಿ. ಜಾತ್ರೆಗೆ ಬಾಗಿಲಿಲ್ಲ. ದೊಡ್ಡ ತೊಟ್ಟಿಲು ಏರಬೇಕೆಂದವನು ಅದಕ್ಕಷ್ಟೇ ಕೊಡುತ್ತಾನೆ, ನಾಟಕ ನೋಡುವವನು ನಾಟಕಕ್ಕೆ. ಏನೂ ಬೇಡವೆನ್ನುವ ಅಜ್ಜಿ ಬೆಂಡು ಬತ್ತಾಸು ಕೊಂಡು, ಮೊಮ್ಮಗ ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಆ ನೋಟಕ್ಕೆ ಯಾರೂ ಟಿಕೆಟು ಕೇಳುವುದಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲೂ ಬಾಗಿಲ ಶುಲ್ಕ ಅಲ್ಪ, ಒಳಗಿನ ಆಟಗಳಿಗೆ ಬೇರೆ ದುಡ್ಡು. ಜಾತ್ರೆಯ ಯಂತ್ರಗಳು ಉದ್ಯಾನದ ಯಂತ್ರಗಳಷ್ಟು ಸುರಕ್ಷಿತವಲ್ಲವೆಂಬ ಮಾತು ನಿಜ. ಹತ್ತು ಆಟ ಆಡುವ ಹುಡುಗನಿಗೆ ಬಿಡಿ ಟಿಕೆಟು ಅಗ್ಗವೂ ಅಲ್ಲ. ಆದರೆ ಜಾತ್ರೆ ಯಾರನ್ನೂ ಮನೆಯಲ್ಲಿ ಬಿಟ್ಟು ಬಾ ಎನ್ನುವುದಿಲ್ಲ.

ಇನ್ನೊಂದು ಮಾತು. ಆ ಜಾತ್ರೆಗಳಿಗೆ ಹಳ್ಳಿಗಳಲ್ಲಿ ಪಟ್ಟಿ ಎತ್ತುವಾಗ ಮನೆಗಿಷ್ಟು ಎಂದು ಎತ್ತುವ ವಾಡಿಕೆಯುಂಟು. ಮನೆಯಲ್ಲಿ ಮೂವರಿರಲಿ, ಹನ್ನೊಂದು ಮಂದಿಯಿರಲಿ, ಮನೆ ಒಂದೇ. ನಮ್ಮ ಸಂಘದ ವಂತಿಗೆಯನ್ನೂ ನಾವು ಮನೆಗಿಷ್ಟು ಎಂದೇ ಕೊಡುತ್ತೇವೆ. ವಿಹಾರದ ದಿನ ಮಾತ್ರ ತಲೆಗಿಷ್ಟು ಎಂಬ ಲೆಕ್ಕಕ್ಕೆ ಬಂದೆವು. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಒಂದು ಕುಟುಂಬ ನಮ್ಮ ಕೈತಪ್ಪಿತು. ತಲೆಗೆ 1,200ರಂತೆ ಐವರ ಮನೆಗೆ ಆರು ಸಾವಿರ. ಕ್ವಿಂಟಲಿಗೆ 1,500 ಸಿಕ್ಕ ದಿನ ನಾಲ್ಕು ಕ್ವಿಂಟಲ್ ಈರುಳ್ಳಿಯ ಬೆಲೆ. ಇಷ್ಟನ್ನು ಕೊಡಬಲ್ಲವರು ನಮ್ಮಲ್ಲಿ ಅರ್ಧದಷ್ಟಾದರೂ ಇದ್ದಾರೆ. ಕೊಡಲಾರದವರು ಕೊಡಲಾರೆವೆಂದು ಹೇಳುವುದಿಲ್ಲ, ಜ್ವರವೆಂದು ಹೇಳುತ್ತಾರೆ. ಪರನಾಡಿನಲ್ಲಿ ಒಟ್ಟಿಗೆ ಕನ್ನಡದಲ್ಲಿ ನಗಲೆಂದು ಕಟ್ಟಿಕೊಂಡ ಸಂಘದಲ್ಲಿ ಹೀಗಾಗಬಾರದು.

ಆದ್ದರಿಂದ ಮೂರು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ಮೊದಲನೆಯದು, ಸಂಘದ ಹೆಸರಿನ ವಿಹಾರ ಸುಮ್ಮನೆ ಕೂರುವವರಿಗೂ ಭಾರವಾಗದ ಸ್ಥಳಕ್ಕಿರಲಿ. ನಮ್ಮ ನಿಫಾಡ್ ತಾಲೂಕಿನಲ್ಲೇ ಗೋದಾವರಿಯ ನೀರಿನ ಮೇಲೆ ನಾಂದೂರ್ ಮಧ್ಯಮೇಶ್ವರ ಪಕ್ಷಿಧಾಮವಿದೆ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್‌ಸಾರ್ ತಾಣವೆಂಬ ಗೌರವ ಅದಕ್ಕೆ ಸಂದಿತು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಇಷ್ಟು ಹತ್ತಿರವಿದ್ದೂ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಎರಡನೆಯದು, ಯುವಕರಿಗೆ ಜಲೋದ್ಯಾನ ಬೇಕೆಂದರೆ ಹೋಗಲಿ. ಆ ಆಸೆ ತಪ್ಪಲ್ಲ. ರಜೆಯಿಲ್ಲದ ವಾರದ ದಿನ ಗುಂಪಿನ ದರ ಕೇಳಿ, ಸ್ವಂತ ಖರ್ಚಿನಲ್ಲಿ ಹೋಗಲಿ. ಅದನ್ನು ಸಂಘದ ಕೂಟವೆಂದು ಕರೆಯುವುದು ಬೇಡ. ಮೂರನೆಯದು, ಯಾವ ವಿಹಾರದ ಸುತ್ತೋಲೆಯಲ್ಲಾದರೂ ಬಸ್ಸು, ಊಟ, ಲಾಕರು ಎಲ್ಲ ಸೇರಿಸಿ ಒಂದು ಮನೆಗೆ ಬೀಳುವ ಒಟ್ಟು ಖರ್ಚನ್ನು ಮೊದಲೇ ಮುದ್ರಿಸಲಿ. ಪೇಟೆಯಲ್ಲಿ ಈರುಳ್ಳಿಯ ದರವನ್ನು ಕೂಗಿ ಹೇಳುವಂತೆ ನಮ್ಮ ದರವೂ ಬಹಿರಂಗವಾಗಿರಲಿ.

ದುಡ್ಡಿಗೆ ತಕ್ಕ ಮೌಲ್ಯ ಸಿಕ್ಕಿತೇ ಎಂದು ಕೇಳುವಾಗ ನಾವು ಸವಾರಿಗಳನ್ನು ಎಣಿಸುತ್ತೇವೆ. ಬಸ್ಸಿನಲ್ಲಿ ಖಾಲಿ ಉಳಿದ ಆಸನಗಳನ್ನೂ ಎಣಿಸಬೇಕು. ಕಳೆದ ವರ್ಷ ನಮ್ಮ ಬಸ್ಸಿನಲ್ಲಿ ಐದು ಆಸನ ಖಾಲಿ ಇದ್ದವು. ಅವುಗಳ ಮೇಲೆ ನಾವು ಒದ್ದೆ ಬಟ್ಟೆಯ ಚೀಲಗಳನ್ನಿಟ್ಟುಕೊಂಡು ಹಾಡು ಹೇಳುತ್ತಾ ಮರಳಿದೆವು. ಈ ವರ್ಷ ಅಲ್ಲಿ ಆ ಅಜ್ಜಿಯ ಕುಟುಂಬ ಕುಳಿತಿರಬೇಕು.

ಚರ್ಚೆ ನಡೆಯಲಿ.