ಹಾಯಿಗೆ ಹಗ್ಗವೋ, ತಂತಿಯೋ?

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಕೆಲವರು ನಗುವ ಚಿಹ್ನೆ ಹಾಕಿದ್ದೀರಿ. "ಹಾಯಿದೋಣಿಯ ಹಗ್ಗ ಕಟ್ಟಿಕೊಂಡು ನಮಗೇನು?" ಎಂದು ಕೇಳಿದವರೂ ಇದ್ದಾರೆ. ಆದರೆ ನಿಮ್ಮೆಲ್ಲರ ಮನೆಯಲ್ಲೂ ಈ ಹಗ್ಗ ಇದೆ. ಬಾಲ್ಕನಿಯ ಚಾವಣಿಗೆ ಬಟ್ಟೆಯ ಕೋಲುಗಳನ್ನು ಏರಿಸುತ್ತೇವಲ್ಲ, ರಾಟೆಯ ಮೇಲೆ ಓಡುವ ಆ ಹಗ್ಗವೇ ಇದು. ನವೆಂಬರ್ 1ರಂದು ಬಾವುಟ ಏರಿಸುವ ಹಗ್ಗವೂ ಇದೇ. ಕೆಳಗೆ ನಿಂತು ಎಳೆದರೆ ಮೇಲೆ ಏರಬೇಕು, ಬಿಟ್ಟರೆ ಇಳಿಯಬೇಕು. ದೋಣಿಯಲ್ಲಿ ಅದಕ್ಕೆ ಹ್ಯಾಲಿಯಾರ್ಡ್ ಎನ್ನುತ್ತಾರೆ. ನಾನು ಹಾಯಿಹಗ್ಗ ಎಂದೇ ಕರೆಯುತ್ತೇನೆ.

ನಮ್ಮ ಊರುಗಳಿಗೂ ಹಾಯಿಗೂ ಹಳೆಯ ನಂಟು. 1ನೇ ಶತಮಾನದ ಗ್ರೀಕ್ ಬರಹ 'ಪೆರಿಪ್ಲಸ್'ನಲ್ಲಿ ಕಲ್ಯಾಣದ ಬಂದರಿನ ಹೆಸರಿದೆ. ಶಿವಾಜಿ ಮಹಾರಾಜರ ನೌಕಾಪಡೆಯ ಮೊದಲ ದಿನಗಳ ಜೊತೆ ಕಲ್ಯಾಣ ಖಾಡಿಯ ದುರ್ಗಾಡಿ ಕೋಟೆಯನ್ನು ನೆನೆಯುತ್ತಾರೆ. ನಮ್ಮ ಕರ್ನಾಟಕದ ಮಾತು ಹೇಳುವುದಾದರೆ, 2025ರ ಮೇ 21ರಂದು ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹಡಗು ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು ಅದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವೂ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಐವರು ಗೆಳತಿಯರು ಸೇರಿ 23 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆವು. ಭಾನುವಾರಗಳಲ್ಲಿ ಮುಂಬಯಿ ಬಂದರಿನಲ್ಲಿ ನಡೆಸುತ್ತೇವೆ. ಅಕ್ಟೋಬರಿನಿಂದ ಮೇ ತನಕ ನೀರಿನಲ್ಲಿ, ಮಳೆಗಾಲ ಪೂರ್ತಿ ದಡದಲ್ಲಿ. ಅದರ ಹಾಯಿಯನ್ನು ಏರಿಸಲು ಇದ್ದದ್ದು ಉಕ್ಕಿನ ತಂತಿ, ಕೆಳತುದಿಗೆ ಮಾತ್ರ ಕೈಗೆಂದು ಒಂದಿಷ್ಟು ಹಗ್ಗ ಜೋಡಿಸಿತ್ತು. "ತಂತಿ ಗಟ್ಟಿ, ಹತ್ತು ವರ್ಷ ಚಿಂತೆ ಇಲ್ಲ" ಎಂದು ಮಾರಿದವರು ಹೇಳಿದ್ದರು.

ತಂತಿ ಯಾಕೆ ಬಂತು ಎನ್ನುವುದಕ್ಕೆ ಕಾರಣವಿದೆ. ನೈಲಾನ್ ಹಗ್ಗದ ಮೇಲೆ ಒದ್ದೆ ಸೀರೆಗಳನ್ನು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಅದು ಜೋಲುತ್ತದೆ. ಹಾಯಿಹಗ್ಗವೂ ಹಾಗೆ ಹಿಗ್ಗಿದರೆ ಹಾಯಿಯ ಮುಂಅಂಚು ಸಡಿಲವಾಗಿ, ಗಾಳಿ ಹೆಚ್ಚಿದಂತೆ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ. ಆಗ ದೋಣಿ ಮುಂದೆ ಸಾಗುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ವಾಲುತ್ತದೆ. ನಮ್ಮ ಹಾಯಿಕಂಬ ಸುಮಾರು 9 ಮೀಟರ್. ಅಷ್ಟುದ್ದದ ಹಗ್ಗ ಶೇಕಡ 2ರಷ್ಟು ಹಿಗ್ಗಿದರೂ 18 ಸೆಂಟಿಮೀಟರ್ ಆಯಿತು, ಒಂದು ಗೇಣು! ಹಿಂದಿನ ಹಗ್ಗಗಳು ಇನ್ನೂ ಹೆಚ್ಚು ಹಿಗ್ಗುತ್ತಿದ್ದವು, ಉಕ್ಕು ಹಿಗ್ಗುವುದು ತೀರ ಕಡಿಮೆ. ಆ ಕಾಲಕ್ಕೆ ತಂತಿಯ ಆಯ್ಕೆ ಸರಿಯೇ.

ಆದರೆ ತಂತಿಗೆ ಅದರದ್ದೇ ತೊಂದರೆಗಳಿವೆ. ಬಾಗುವ ತಂತಿಯಲ್ಲಿ ಸಾಮಾನ್ಯವಾಗಿ 7 ಎಳೆ, ಒಂದೊಂದು ಎಳೆಯಲ್ಲಿ 19 ಸಣ್ಣ ತಂತಿ, ಒಟ್ಟು 133. ರಾಟೆಯ ಮೇಲೆ ಮತ್ತೆ ಮತ್ತೆ ಬಾಗಿ ಇವು ಒಂದೊಂದಾಗಿ ಮುರಿಯುತ್ತವೆ. ಮುರಿದ ತುದಿ ಸೂಜಿಯಂತೆ ಹೊರಗೆ ನಿಂತು ಅಂಗೈಯನ್ನು ಸೀಳುತ್ತದೆ, ಹಾಯಿಯನ್ನೂ ಹರಿಯುತ್ತದೆ. ಉಪ್ಪುನೀರಿನ ತುಕ್ಕು ಒಳಗೆ ಕೂತರೆ ಹೊರಗಿನಿಂದ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಭಯ ಇನ್ನೊಂದು. ಒಂದು ಮೇ ತಿಂಗಳ ಸಂಜೆ ಗಾಳಿ ಇದ್ದಕ್ಕಿದ್ದಂತೆ ಜೋರಾಯಿತು. ಹಾಯಿ ಇಳಿಸಲು ಹೊರಟೆವು. ಅರ್ಧಕ್ಕೆ ಬಂದು ನಿಂತಿತು. ತಂತಿ ರಾಟೆಯ ಕಾಲುವೆಯಿಂದ ಹಾರಿ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹಾಯಿ ಪಟಪಟನೆ ಬಡಿಯುತ್ತಿದೆ, ಒಂಬತ್ತು ಮೀಟರ್ ಮೇಲೆ ಹತ್ತುವವರಾರು? ಮೂತಿಯನ್ನು ಗಾಳಿಗೆ ಎದುರಾಗಿಸಿ, ಎಂಜಿನ್ ಹಾಕಿ, ಅರ್ಧ ಹಾಯಿಯೊಂದಿಗೇ ದೋಣಿ ಕಟ್ಟುವ ಜಾಗಕ್ಕೆ ಮರಳಿದೆವು. ಯಾರಿಗೂ ಏನೂ ಆಗಲಿಲ್ಲ. ಆ ದಿನ ನಮಗೆ ಒಂದು ಮಾತು ತಿಳಿಯಿತು: ಹಾಯಿಹಗ್ಗ ಇರುವುದು ಹಾಯಿಯನ್ನು ಏರಿಸುವುದಕ್ಕಿಂತ ಹೆಚ್ಚಾಗಿ ಇಳಿಸುವುದಕ್ಕೆ. ಏರದಿದ್ದರೆ ಮನೆಗೆ ಹೋಗಬಹುದು. ಇಳಿಯದಿದ್ದರೆ ಗಾಳಿ ಹೇಳಿದಲ್ಲಿಗೆ ಹೋಗಬೇಕು.

ಹಾಗಾಗಿ ಹಗ್ಗಕ್ಕೆ ಬದಲಾಯಿಸಲು ನಿರ್ಧರಿಸಿದೆವು. ಯಾವ ಹಗ್ಗ? ಮೀನುಗಾರರ ಅಂಗಡಿಯ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ಅಗ್ಗ, ನೀರಿನಲ್ಲಿ ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ನೈಲಾನ್ ಹಿಗ್ಗುವ ಹಗ್ಗ. ಲಂಗರಿಗೆ ಅದೇ ಒಳ್ಳೆಯದು, ಏಕೆಂದರೆ ಅಲೆಯ ಜಗ್ಗಾಟವನ್ನು ಅದು ನುಂಗಿಕೊಳ್ಳುತ್ತದೆ. ಹಾಯಿಗೆ ಅದು ಬೇಡ. ಡೈನೀಮಾ ಎಂಬ ಹೊಸ ನಾರು ಸಮ ತೂಕದಲ್ಲಿ ಉಕ್ಕಿಗಿಂತ ಹಲವು ಪಟ್ಟು ಬಲಶಾಲಿ, ಹಿಗ್ಗುವುದೂ ಅತಿ ಕಡಿಮೆ. ಆದರೆ ಬೆಲೆ ಹೆಚ್ಚು, ಮೈ ನುಣುಪು, ಗಂಟು ಜಾರುತ್ತದೆ. ಪಂದ್ಯಕ್ಕೆ ಹೋಗುವವರಿಗೆ ಅದು ಸರಿ. ನಮ್ಮಂಥ ಭಾನುವಾರದವರಿಗೆ ಕಡಿಮೆ ಹಿಗ್ಗುವ, ಹೆಣೆದ ಪಾಲಿಯೆಸ್ಟರ್ ಹಗ್ಗ ಸಾಕು.

ಬಲದ ಚಿಂತೆ ಬೇಡ. 4 ಮಿಲಿಮೀಟರ್ ಉಕ್ಕಿನ ತಂತಿ ತಡೆಯುವುದು ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. 8 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗ ಒಂದು ಟನ್ನಿಗಿಂತ ಹೆಚ್ಚೇ ತಡೆಯುತ್ತದೆ. ಇಂಥ ದೋಣಿಯ ಹಾಯಿ ಎಳೆಯುವುದು ಕೆಲವೇ ನೂರು ಕಿಲೋ. ಇನ್ನೂ ತೆಳ್ಳಗಿನ ಹಗ್ಗವೂ ತಡೆಯುತ್ತದೆ, ಆದರೆ ಅದು ಅಂಗೈಯನ್ನು ಕೊಯ್ಯುತ್ತದೆ. ದಪ್ಪವನ್ನು ಕೈಯೇ ಹೇಳುತ್ತದೆ.

ಹಗ್ಗ ಬದಲಿಸುವಾಗ ರಾಟೆಯನ್ನು ಮರೆಯಬೇಡಿ. ತಂತಿಯ ರಾಟೆಗೆ ಕಿರಿದಾದ ಕಾಲುವೆ, ಹಗ್ಗಕ್ಕೆ ಅಗಲವಾದ ದುಂಡು ಕಾಲುವೆ ಬೇಕು. ತಂತಿ ಓಡಿದ ರಾಟೆಯಲ್ಲಿ ಗರಗಸದಂಥ ಅಂಚುಗಳೂ ಎದ್ದಿರುತ್ತವೆ. ಹೊಸ ಹಗ್ಗ ಅಲ್ಲಿ ಒಂದೇ ಋತುವಿನಲ್ಲಿ ಸವೆಯುತ್ತದೆ. ನಾವು ಕಂಬವನ್ನೇ ಕೆಳಗಿಳಿಸಿ ರಾಟೆ ಬದಲಿಸಿದೆವು. ಕಂಬವನ್ನು ಎರಡೂ ಬದಿ ಬಿಗಿದು ನಿಲ್ಲಿಸಿರುವ ತಂತಿಗಳನ್ನು ಹಾಗೇ ಇಟ್ಟೆವು. ನಿಂತಲ್ಲೇ ನಿಲ್ಲುವುದಕ್ಕೆ ತಂತಿ, ಕೈಯಲ್ಲಿ ಓಡುವುದಕ್ಕೆ ಹಗ್ಗ. ಇದಿಷ್ಟು ನೆನಪಿಟ್ಟರೆ ಸಾಕು.

ಉಳಿದದ್ದು ನಮ್ಮ ಮನೆಯ ಜಾಣತನವೇ. ಲಂಗಕ್ಕೆ ಹೊಸ ಲಾಡಿ ಹಾಕುವಾಗ ಹಳೆಯದರ ತುದಿಗೆ ಹೊಸದನ್ನು ಹೊಲಿದು ಎಳೆಯುತ್ತೇವಲ್ಲ, ಹಾಗೆಯೇ ಮಳೆಗಾಲಕ್ಕೆ ಹಾಯಿಹಗ್ಗ ಬಿಚ್ಚುವಾಗ ಅದರ ತುದಿಗೆ ತೆಳು ದಾರ ಕಟ್ಟಿ ಎಳೆದು, ಆ ದಾರವನ್ನು ಕಂಬದಲ್ಲೇ ಬಿಡುತ್ತೇವೆ. ಅಕ್ಟೋಬರಿನಲ್ಲಿ ಅದನ್ನು ಹಿಡಿದೇ ಹಗ್ಗ ಮತ್ತೆ ಮೇಲೇರುತ್ತದೆ. ಬಿಚ್ಚಿದ ಹಗ್ಗವನ್ನು ಸಿಹಿನೀರಿನಲ್ಲಿ ನೆನೆಸಿ, ಉಪ್ಪು ತೆಗೆದು ನೆರಳಿನಲ್ಲಿ ಒಣಗಿಸುತ್ತೇವೆ. ರವಿಕೆಯ ಹೊಲಿಗೆಯಲ್ಲಿ ಬಟ್ಟೆ ಬಿಡುವಂತೆ ಹಗ್ಗವನ್ನೂ ಒಂದು ಮೀಟರ್ ಹೆಚ್ಚಿಗೆ ಕೊಳ್ಳಬೇಕು. ರಾಟೆಯ ಮೇಲೆ ಯಾವಾಗಲೂ ಒಂದೇ ಜಾಗ ಸವೆಯುವುದರಿಂದ, ತುದಿಯಿಂದ ಒಂದು ಗೇಣು ಕತ್ತರಿಸಿದರೆ ಸವೆಯುವ ಜಾಗ ಬದಲಾಗುತ್ತದೆ. ಕೆಳತುದಿಗೆ ಗಂಟು ಹಾಕಿ, ಇಲ್ಲವಾದರೆ ಅದು ಕಂಬದ ಮೇಲಕ್ಕೆ ಓಡಿಹೋದೀತು. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಹೊರಡುವ ಮೊದಲು, ದೋಣಿ ಕಟ್ಟಿರುವಾಗಲೇ, ಹಾಯಿಯನ್ನು ಒಮ್ಮೆ ಪೂರ್ತಿ ಏರಿಸಿ, ಪೂರ್ತಿ ಇಳಿಸಿ ನೋಡಿ.

ಇದು ಹೆಂಗಸರ ಕೆಲಸವೇ ಎನ್ನುವವರಿಗೆ ಒಂದು ಮಾತು. 2017ರ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ' ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2018ರ ಮೇ ತಿಂಗಳಲ್ಲಿ ಮರಳಿದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ದಿಲ್ನಾ ಮತ್ತು ರೂಪಾ ಇಬ್ಬರೇ ಹೊರಟು 2025ರ ಮೇ 29ರಂದು ಬಂದರು. ಸುಮಾರು ಎಂಟು ತಿಂಗಳು, ಮೂರು ಸಾಗರಗಳಲ್ಲಿ, ಹಾಯಿ ಏರಿಸಿ ಇಳಿಸಿದ್ದು ಆ ನಾಲ್ಕು ಕೈಗಳು.

ನಿಮ್ಮ ಮಕ್ಕಳು, ಮೊಮ್ಮಕ್ಕಳು ಹಾಯಿದೋಣಿ ಕಲಿಯುತ್ತೇವೆ ಎಂದರೆ ಈಜು ಕಲಿಸಿ, ಜೀವರಕ್ಷಕ ಜಾಕೆಟ್ ಹಾಕಿಸಿ, ಕಳುಹಿಸಿಕೊಡಿ. ಜೊತೆಗೆ ಒಂದು ಪ್ರಶ್ನೆ ಕೇಳಲು ಹೇಳಿ: "ಈ ಹಾಯಿ ಎಷ್ಟು ಬೇಗ ಇಳಿಯುತ್ತದೆ?"