ದುಡಿಯುವ ಕೈ, ಪಹಣಿಯ ಹೆಸರು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಾಡಾಗಿದ್ದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ಮನುಷ್ಯರ ಲೆಕ್ಕದಲ್ಲಿ ಹೇಳುವುದಾದರೆ ಸಂಘ ಈಗ ಕೈಗೆ ಬಂದ ಮಗನಿದ್ದ ಹಾಗೆ. ಷೇರು, ಠೇವಣಿ, ಸಾಲ, ಗೊಬ್ಬರದ ಲೆಕ್ಕವನ್ನೆಲ್ಲ ವರದಿಯಲ್ಲಿ ಆಗಲೇ ಓದಿ ಹೇಳಿದ್ದಾರೆ. ನಮಗೆ ವಹಿಸಿರುವ ವಿಷಯ ಬೇರೆ. ದುಡಿಮೆಯ ರೀತಿ ಬದಲಾಗಿದೆ, ಸಂಸಾರದ ರೀತಿ ಬದಲಾಗಿದೆ. ಇದರ ನಡುವೆ ಈಗಿನವರು ದೊಡ್ಡವರಾಗುವುದು ಹೇಗೆ ಎಂಬುದೇ ಆ ವಿಷಯ. ಇದಕ್ಕೂ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಅದು ಎಲ್ಲಿದೆ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಯಾರನ್ನು ದೊಡ್ಡವರು ಅನ್ನಬೇಕು? ಕಾನೂನು ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1875ರ ಕಾಯಿದೆಯ ಪ್ರಕಾರ 18 ತುಂಬಿದವರು ವಯಸ್ಕರು. ಮತ ಹಾಕುವುದಕ್ಕೆ ಮೊದಲು 21 ಆಗಬೇಕಿತ್ತು, 1989ರಿಂದ 18 ಸಾಕು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯಿದೆಯೂ ಅಷ್ಟೇ. ಕರಾರು ಮಾಡಿಕೊಳ್ಳಲು ಅರ್ಹತೆ ಇರುವ ಯಾರೂ ಸದಸ್ಯರಾಗಬಹುದು ಎನ್ನುತ್ತದೆ. ಗಂಡು, ಹೆಣ್ಣು, ಮದುವೆಯಾದವರು, ಆಗದವರು ಎಂಬ ಭೇದ ಅಲ್ಲಿಲ್ಲ.

ಆದರೆ ಊರಿನ ಲೆಕ್ಕ ಬೇರೆ. ಊರಿನಲ್ಲಿ ದೊಡ್ಡವನಾಗುವುದಕ್ಕೆ ಮೆಟ್ಟಿಲುಗಳಿದ್ದವು. ನೇಗಿಲು ಹಿಡಿದರೆ ಒಂದು ಮೆಟ್ಟಿಲು. ಮದುವೆಯಾದರೆ ಇನ್ನೊಂದು. ಮಕ್ಕಳಾದ ಮೇಲೆ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಮಾತಾಡುವ ಹಕ್ಕು. ಕೊನೆಗೆ ಭಾಗ ಆಗಿ ಬೇರೆ ಒಲೆ ಹೂಡಿ, ಖಾತೆ ತನ್ನ ಹೆಸರಿಗೆ ಬಂದರೆ ಅವನು ಯಜಮಾನ. ಈ ಮೆಟ್ಟಿಲುಗಳು ಒಂದಾದ ಮೇಲೊಂದು ಬರುತ್ತಿದ್ದವು. ಯಾಕೆಂದರೆ ದುಡಿಮೆಯೂ ಸಂಸಾರವೂ ಒಂದೇ ಹೊಲದಲ್ಲಿ, ಒಂದೇ ಸೂರಿನಡಿ ನಡೆಯುತ್ತಿದ್ದವು. ಹೆಣ್ಣುಮಕ್ಕಳಿಗೆ ಮಾತ್ರ ಈ ಕೊನೆಯ ಮೆಟ್ಟಿಲೇ ಇರಲಿಲ್ಲ. ಎಷ್ಟೇ ದುಡಿದರೂ ಮೊದಲು ಇಂಥವರ ಮಗಳು, ಆಮೇಲೆ ಇಂಥವರ ಹೆಂಡತಿ, ಕಡೆಗೆ ಇಂಥವರ ತಾಯಿ.

ಈಗ ಆ ಮೆಟ್ಟಿಲುಗಳು ಅದಲು ಬದಲಾಗಿವೆ. ಕಾರಣ ಹುಡುಗರ ಉಡಾಫೆ ಅಲ್ಲ. ಕಾರಣ ಭೂಮಿಯ ಲೆಕ್ಕದಲ್ಲೇ ಇದೆ. ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1970-71ರಲ್ಲಿ 3.20 ಹೆಕ್ಟೇರ್ ಇತ್ತು, ಅಂದರೆ ಸುಮಾರು 8 ಎಕರೆ. 2015-16ರ ಹೊತ್ತಿಗೆ ಅದು 1.36 ಹೆಕ್ಟೇರ್‌ಗೆ ಇಳಿಯಿತು, ಮೂರು ಎಕರೆ ಚಿಲ್ಲರೆ. ಮೂರು ಎಕರೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಮನೆ ನಡೆಸುವುದು ಹೇಗೆ? ಒಬ್ಬ ಹೊರಗೆ ಹೋಗಲೇಬೇಕು. ರಾಜ್ಯದಲ್ಲಿ ಪಟ್ಟಣವಾಸಿಗಳು 1971ರಲ್ಲಿ ನೂರಕ್ಕೆ 24 ಜನ ಇದ್ದರು. 2011ರ ಜನಗಣತಿಯಲ್ಲಿ ಸುಮಾರು 39 ಆದರು. ಅಲ್ಲಿಗೆ ಹೋದವರಲ್ಲಿ ನಮ್ಮೂರಿನಂಥ ಊರಿನ ಮಕ್ಕಳೇ ಬಹಳ.

ಹಾಗಾಗಿ ಈಗಿನ ಹುಡುಗ ಓದಿ, ಐ.ಟಿ.ಐ.ನೋ ಡಿಪ್ಲೊಮಾನೋ ಮುಗಿಸಿ, ಪೀಣ್ಯದಲ್ಲೋ ಬಿಡದಿಯಲ್ಲೋ ಗುತ್ತಿಗೆ ಕೆಲಸಕ್ಕೆ ಸೇರುತ್ತಾನೆ. ಕೈಯಲ್ಲಿ ಸಂಬಳ ಇದೆ, ಆದರೆ ಆ ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಕೆಲಸ ಗಟ್ಟಿಯಾಗದೆ ಮದುವೆ ಬೇಡ ಅಂತಾನೆ. ಮೂವತ್ತಾದರೂ ಮನೆಯಲ್ಲಿ "ನಮ್ ಹುಡುಗ ಇನ್ನೂ ಸೆಟ್ಲ್ ಆಗಿಲ್ಲ" ಅಂತಾರೆ. ಆದರೆ ತಂಗಿಯ ಮದುವೆ ಸಾಲ ತೀರಿಸಿದವನು ಅವನು. ಅಪ್ಪನ ಶುಗರ್ ಮಾತ್ರೆಗೆ ತಿಂಗಳು ತಿಂಗಳು ಫೋನಿನಲ್ಲೇ ದುಡ್ಡು ಹಾಕುವವನು ಅವನು. ಹೊಣೆ ಹೊತ್ತಾಗಿದೆ, ಹೆಸರು ಮಾತ್ರ ಇನ್ನೂ "ಹುಡುಗ".

ಊರಿನಲ್ಲೇ ಉಳಿದು ಬೇಸಾಯ ಹಿಡಿದವನ ಪಾಡು ಇನ್ನೂ ಕಷ್ಟ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಹೆಚ್ಚಿನವರು ರೈತರ ಮಕ್ಕಳು, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಸಿಗಲಿ ಅಂತ ಮಾದಪ್ಪನಿಗೆ ಹರಕೆ. ಪತ್ರಿಕೆಗಳಲ್ಲಿ ಓದಿ ನಕ್ಕವರೂ ಇದ್ದಾರೆ. ಇದು ನಗುವ ಸಂಗತಿಯಲ್ಲ. ಹೆಣ್ಣು ಹೆತ್ತವರು ಕೇಳುವುದೂ ತಪ್ಪಲ್ಲ: "ಜಮೀನು ಇದೆ ಅಂತೀರಿ, ಹುಡುಗನ ಹೆಸರಲ್ಲಿ ಏನಿದೆ?" ಆ ಪ್ರಶ್ನೆಗೆ ಬಹಳ ಮನೆಗಳಲ್ಲಿ ಉತ್ತರ ಇಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಬೆಳಗಿನ ಜಾವ ಎದ್ದು, ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿ, ಗಾರ್ಮೆಂಟ್ಸ್ ವ್ಯಾನು ಹತ್ತುವ ಹೆಣ್ಣುಮಕ್ಕಳು ಈ ಸೀಮೆಯ ಊರೂರಿನಲ್ಲೂ ಇದ್ದಾರೆ. ಕತ್ತಲಾದ ಮೇಲೆ ಮನೆಗೆ ಬಂದು ಮತ್ತೆ ಒಲೆ ಮುಂದೆ. ಮಗಳ ಶಾಲೆ ಫೀಜು, ಅತ್ತೆಯ ಆಸ್ಪತ್ರೆ, ಹಸುವಿನ ಬೂಸ ಎಲ್ಲದರ ಲೆಕ್ಕ ಅವರ ತಲೆಯಲ್ಲಿದೆ. ಮನೆಗಳೂ ಚಿಕ್ಕವಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಅಂದರೆ ಮುಂದೆ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಒಬ್ಬರೋ ಇಬ್ಬರೋ, ಎಷ್ಟೋ ಕಡೆ ಮಗಳೇ. ಮಗಳು ಪರರ ಸ್ವತ್ತು ಎಂಬ ಮಾತು ಈಗ ನಡೆಯುವುದಿಲ್ಲ.

ಈಗ ಸಂಘದ ಬಾಗಿಲಿಗೆ ಬರೋಣ. ಸಹಕಾರ ಸಂಘಗಳ ಕೌಂಟರಿನಲ್ಲಿ ನಡೆಯುವ ಮಾತು ನಿಮಗೆಲ್ಲ ಗೊತ್ತಿರುವುದೇ. ನಲವತ್ತು ಹತ್ತಿರವಾದ ರೈತ ಬೆಳೆ ಸಾಲಕ್ಕೆ ಬಂದು ನಿಲ್ಲುತ್ತಾನೆ.

"ಪಹಣಿ ಯಾರ ಹೆಸರಲ್ಲಿದೆಯಪ್ಪಾ?"

"ತಾತನ ಹೆಸರಲ್ಲೇ ಐತೆ ಸಾರ್."

"ತಾತ ಇದ್ದಾರಾ?"

"ಅವ್ರು ಹೋಗಿ ಹದಿನೈದು ವರ್ಷ ಆಯ್ತಲ್ಲ ಸಾರ್."

ಅಲ್ಲಿಗೆ ಮಾತು ಮುಗಿಯಿತು. ಉಳುವವನು ಮುಂದೆ ನಿಂತಿದ್ದಾನೆ, ಪಹಣಿಯಲ್ಲಿರುವವರು ಈ ಲೋಕದಲ್ಲೇ ಇಲ್ಲ. ಬರೀ ಸಾಲದ ಮಾತಲ್ಲ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ರಾಗಿ ಖರೀದಿ, ಪಿ.ಎಂ. ಕಿಸಾನ್ ಎಲ್ಲದಕ್ಕೂ ಪಹಣಿಯೇ ಬೇಕು. ಇಲ್ಲಿ ಸಾಲ ಸಿಗದವನು ಬಿತ್ತನೆ ನಿಲ್ಲಿಸುವುದಿಲ್ಲ. ಕೈಸಾಲ ತರುತ್ತಾನೆ, ಇಲ್ಲವೇ ಹೆಂಡತಿಯ ಹೆಸರಲ್ಲಿ ವಾರದ ಕಂತಿನ ಸಾಲ ಎತ್ತುತ್ತಾನೆ. ಆ ಕಂತು ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯುವುದಕ್ಕೆ ಸುಗ್ರೀವಾಜ್ಞೆ ತರಬೇಕಾಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ರೈತ ದುಬಾರಿ ಬಡ್ಡಿಗೆ ಸಿಕ್ಕಬಾರದು ಎಂಬುದೇ ಇಂಥ ಸಂಘಗಳ ಮೂಲ ಉದ್ದೇಶ. 120 ವರ್ಷದ ಮೇಲೂ ಒಂದು ಕಾಗದದ ಕೊರತೆಗೆ ರೈತ ಅದೇ ಬಡ್ಡಿಯ ಬಾಗಿಲಿಗೆ ಹೋಗುವುದಾದರೆ ಅದನ್ನು ನಾವೆಲ್ಲ ಕೂತು ಯೋಚಿಸಬೇಕು.

ಖಾತೆ ಯಾಕೆ ಬದಲಾಗುವುದಿಲ್ಲ? ಓಡಾಟದ ಬೇಸರ ಒಂದು. ಅಣ್ಣತಮ್ಮಂದಿರಲ್ಲಿ ಒಬ್ಬ ಬೆಂಗಳೂರಿನಲ್ಲಿದ್ದರೆ ಸಹಿಗೆ ಸಿಗುವುದಿಲ್ಲ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಎಂಬ ಗಾದೆಗೆ ಹೆದರಿ ಮಾತೆತ್ತುವುದೇ ಬೇಡ ಅನ್ನುವವರಿದ್ದಾರೆ. ಅಕ್ಕತಂಗಿಯರ ಹೆಸರು ಸೇರಿಸಬೇಕಲ್ಲ ಎಂಬ ಅಳುಕು ಇನ್ನೊಂದು. ಹಿರಿಯರು ಬದುಕಿರುವ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವರ ಭಯ. ಅದನ್ನು ಹಗುರವಾಗಿ ಕಾಣಬಾರದು. ಮಕ್ಕಳು ದೂರ ಇದ್ದಾರೆ, ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. "ಖಾತೆ ಬರೆದುಕೊಟ್ಟ ಮೇಲೆ ನಮಗೆ ಅನ್ನ ಹಾಕೋರು ಯಾರು?" ಅಂತ ಕೇಳಿದರೆ ಅದು ದುರಾಸೆಯಲ್ಲ. ಅವರ ಕೈಯಲ್ಲಿ ಉಳಿದಿರುವ ಬಲ ಅದೊಂದೇ.

ಈ ಅಳುಕು, ಭಯಗಳಿಗೆ ಕಾನೂನಿನಲ್ಲಿ ದಾರಿ ಇದೆ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕಾಯಿದೆ ಬಂದಿದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರ ರದ್ದಾಗುವುದಕ್ಕೆ ಅವಕಾಶವಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಕ್ಷೇಮ. ಹೆಣ್ಣುಮಕ್ಕಳ ವಿಷಯದಲ್ಲಿ ಕರ್ನಾಟಕವು 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರು ಮಾತ್ರ ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಇದ್ದೇ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಇದು ಮುಟ್ಟುವುದಿಲ್ಲ. ಆದ್ದರಿಂದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಖಾತೆ ಮಾಡಿಸಿದರೆ ಅದು ನಾಳಿನ ವ್ಯಾಜ್ಯಕ್ಕೆ ಇಂದೇ ಬೀಜ ಬಿತ್ತಿದ ಹಾಗೆ. ಹೆಸರು ಸೇರಿಸಿ, ಕೂತು ಮಾತಾಡಿ, ಆಮೇಲೆ ಭಾಗವೋ ಬಿಡುಗಡೆಯೋ ಒಪ್ಪಿಗೆಯಿಂದ ಆಗಲಿ.

ಇನ್ನು ಸಂಘ ಏನು ಮಾಡಬಹುದು? ನಮ್ಮ ಮನಸ್ಸಿನಲ್ಲಿರುವ ಮೂರು ಸಲಹೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ತಿಂಗಳಿಗೊಂದು ದಿನ ಸಂಘದ ಕಚೇರಿಯಲ್ಲೇ ಪೌತಿ ಖಾತೆಗೆ ನೆರವು ಕೊಡುವ ಏರ್ಪಾಡು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಆಧಾರ್ ನಕಲು ಇವುಗಳನ್ನು ಜೋಡಿಸಿ, ಅರ್ಜಿ ತುಂಬಿ, ನಾಡಕಚೇರಿಗೆ ಕಳಿಸುವುದು. ಭಾಗ ಆಗದಿದ್ದರೂ ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆ ಆಗುತ್ತದೆ. ಆಮೇಲೆ ಉಳಿದವರ ಒಪ್ಪಿಗೆ ಪತ್ರದ ಮೇಲೆ ಉಳುವವನ ಸಾಲದ ಅರ್ಜಿಗೆ ದಾರಿಯಾಗುತ್ತದೆ. ಓದಿದ ಹುಡುಗರು, ಹುಡುಗಿಯರು ಊರಿನಲ್ಲಿದ್ದಾರೆ, ಅರ್ಜಿ ಬರೆಯುವ ಕೆಲಸ ಅವರಿಗೆ ಒಪ್ಪಿಸೋಣ.

ಎರಡನೆಯದು, ಪಹಣಿ ಇಲ್ಲದವರಿಗೂ ಬಾಗಿಲು ತೆರೆಯುವುದು. ಗುತ್ತಿಗೆಗೆ, ವಾರಕ್ಕೆ ಬೇಸಾಯ ಮಾಡುವವರಿಗಾಗಿಯೇ ನಬಾರ್ಡ್ ರೂಪಿಸಿರುವ ಜಂಟಿ ಬಾಧ್ಯತಾ ಗುಂಪಿನ ಪದ್ಧತಿ ಇದೆ. 4ರಿಂದ 10 ಜನ ಸೇರಿ, ಒಬ್ಬರಿಗೊಬ್ಬರು ಹೊಣೆ ನಿಂತು ಸಾಲ ಪಡೆಯುವುದು. ಭೂಮಿಯ ಬದಲು ಮಾತಿನ ಮೇಲೆ ನಂಬಿಕೆ. ಸಹಕಾರದ ಹಳೆಯ ಅರ್ಥವೂ ಅದೇ. ಹಾಗೆಯೇ ಮನೆಯ ಯಜಮಾನರ ಜೊತೆಗೆ ಹೆಂಡತಿ, ಸೊಸೆ, ದುಡಿಯುವ ಮಗಳು ಇವರೂ ಷೇರು ಕಟ್ಟಿ ಸದಸ್ಯರಾಗಲಿ. ಸದಸ್ಯತ್ವ ಅಂದರೆ ಸಾಲ ಒಂದೇ ಅಲ್ಲ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಗೂ ಸಹಕಾರ ಸದಸ್ಯತ್ವವೇ ಆಧಾರವಾಯಿತು ಎಂಬುದನ್ನು ನೆನಪಿಡಿ.

ಮೂರನೆಯದು, ಊರಲ್ಲಿ ಒಬ್ಬರೇ ಇರುವ ಹಿರಿಯ ಸದಸ್ಯರನ್ನು ಮರೆಯದಿರುವುದು. ಠೇವಣಿ ನವೀಕರಣ, ನಾಮಿನಿ ಹೆಸರು, ಪಿಂಚಣಿ ವಿಚಾರಣೆ ಇವಕ್ಕೆ ಅವರು ಸಂಘಕ್ಕೆ ಅಲೆಯುವ ಬದಲು ಸಂಘದವರು ಅವರ ಜಗಲಿಗೆ ಹೋಗಿ ಬರಲಿ. ಮಹಾಸಭೆ ಹೇಗೂ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ. ಗೌರಿ ಹಬ್ಬಕ್ಕೆ ಮಕ್ಕಳು ಊರಿಗೆ ಬಂದಿರುವಾಗಲೇ ಅದನ್ನು ಇಟ್ಟುಕೊಂಡರೆ ಹೊರಗೆ ದುಡಿಯುವವರೂ ಬಂದು ಕೂರುತ್ತಾರೆ. ಅಣ್ಣತಮ್ಮ, ಅಕ್ಕತಂಗಿಯರ ಸಹಿಯೂ ಅದೇ ದಿನ ಆಗುತ್ತದೆ.

ಯುವಕರಿಗೆ ಒಂದು ಮಾತು. ಹೆಸರು ಬೇಕು ಅಂದರೆ ಹೊಣೆಯೂ ಜೊತೆಗೇ ಬರುತ್ತದೆ. ಖಾತೆ ಬಂದ ದಿನ ಅಪ್ಪ ಅಮ್ಮನ ಊಟ, ಔಷಧಿಯ ಪಾಲೂ ನಿಮ್ಮ ಹೆಸರಿಗೆ ಬಂದಿರುತ್ತದೆ. ಸಂಘದ ಸಾಲ ಪಡೆದ ದಿನ ಮರುಪಾವತಿಯ ದಿನಾಂಕವೂ ಗೊತ್ತಾಗಿರುತ್ತದೆ. ಇವೆರಡನ್ನೂ ತಪ್ಪದೆ ನಡೆಸಿದವರನ್ನು ಊರು ತಾನಾಗಿಯೇ ಯಜಮಾನ, ಯಜಮಾನಿ ಅಂತ ಕರೆಯುತ್ತದೆ, ಮದುವೆಯಾಗಿರಲಿ ಬಿಡಲಿ, ಕೆಲಸ ಹೊಲದಲ್ಲಿರಲಿ ಫ್ಯಾಕ್ಟರಿಯಲ್ಲಿರಲಿ.

ಹಿರಿಯರಿಗೂ ಒಂದು ಮಾತು. ನೀವು ಕಟ್ಟಿದ ಸಂಘ ಇದು. ಇನ್ನು 25 ವರ್ಷಕ್ಕೆ ಇದರ ಸುವರ್ಣ ಮಹೋತ್ಸವ ಆಗಬೇಕಾದರೆ ಸದಸ್ಯರ ಪುಸ್ತಕದಲ್ಲಿ ಈಗ ದುಡಿಯುತ್ತಿರುವವರ ಹೆಸರು ಇರಬೇಕು. ನೀವು ಕಣ್ಣಾರೆ ನೋಡುತ್ತಿರುವಾಗಲೇ, ನಿಮ್ಮ ಷರತ್ತಿನ ಮೇಲೆಯೇ, ನಿಮ್ಮ ಕೈಯಿಂದಲೇ ಆ ಹೆಸರುಗಳನ್ನು ಬರೆಸಿ ಎಂದು ಕೈಮುಗಿದು ಕೇಳುತ್ತೇವೆ.